ಬಿಎಸ್ಸಿ ಓದುವವರಿಗೆ ಸ್ವಂತ ಮೈಕ್ರೋಸ್ಕೋಪ್ ಬೇಕಾ?

ಬಾಟನಿ, ಝೂವಾಲಜಿ ತಗೊಂಡ ಜೂನಿಯರ್‌ಗಳು ಇದನ್ನೇ ಕೇಳುತ್ತಿರುತ್ತಾರೆ. ನನ್ನ ಉತ್ತರ: ಹೌದು, ತಗೊಳ್ಳಿ. ಆದರೆ ಡಬ್ಬದ ಮೇಲೆ ಬರೆದ ದೊಡ್ಡ ನಂಬರ್ ನೋಡಿ ತಗೋಬೇಡಿ.

ನನ್ನದು ಹೆಸರಿಲ್ಲದ ಮಾಲು. ಹರಿಯಾಣದ ಅಂಬಾಲಾದಿಂದ ಬರುತ್ತದಲ್ಲ, ಕಾಲೇಜು ಲ್ಯಾಬ್‌ಗಳಲ್ಲಿ ಇರುತ್ತದಲ್ಲ, ಅದೇ ಸ್ಟೂಡೆಂಟ್ ಮೈಕ್ರೋಸ್ಕೋಪ್. ಒಂದೇ ಕಣ್ಣಿನದು, ಕೆಳಗೆ ಕನ್ನಡಿ. 10 ಮತ್ತು 45 ಪಟ್ಟಿನ ಎರಡು ಆಬ್ಜೆಕ್ಟಿವ್ (ಸ್ಲೈಡ್ ಕಡೆಯ ಲೆನ್ಸ್), 10 ಮತ್ತು 15 ಪಟ್ಟಿನ ಎರಡು ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್). ಎರಡನ್ನೂ ಗುಣಿಸಿದರೆ ಕಡಿಮೆ ಅಂದರೆ 100 ಪಟ್ಟು, ಜಾಸ್ತಿ ಅಂದರೆ 675 ಪಟ್ಟು. ಡಿಗ್ರಿಗೆ ಇಷ್ಟು ಸಾಕಾ ಅಂದರೆ, ಬ್ಯಾಕ್ಟೀರಿಯಾ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಸಾಕು.

ಮನೆಯಲ್ಲೊಂದು ಯಾಕೆ ಬೇಕು? ಪ್ರಾಕ್ಟಿಕಲ್ ಅವರ್ ಹೇಗಿರುತ್ತದೆ ಅಂತ ಗೊತ್ತಲ್ಲ. ಒಂದು ಮೈಕ್ರೋಸ್ಕೋಪಿಗೆ ಅರ್ಧ ಬ್ಯಾಚ್ ಲೈನ್ ನಿಂತಿರುತ್ತದೆ, ನಿಮ್ಮ ಕಣ್ಣು ಬೆಳಕಿಗೆ ಹೊಂದಿಕೊಳ್ಳುವಷ್ಟರಲ್ಲಿ ಹಿಂದಿನವರು ಭುಜ ತಟ್ಟುತ್ತಾರೆ, ಆಮೇಲೆ ಎಲ್ಲರೂ ಸೀನಿಯರ್ ರೆಕಾರ್ಡ್ ಬುಕ್ ನೋಡಿ ಮೈಟೋಸಿಸ್, ಅಂದರೆ ಒಂದು ಕೋಶ ಎರಡಾಗುವ ಚಿತ್ರ, ಬಿಡಿಸುತ್ತಾರೆ. ಸ್ಪಾಟರ್ಸ್ ದಿನ, ಅಂದರೆ ಇಟ್ಟಿದ್ದನ್ನು ನೋಡಿ ಗುರುತಿಸುವ ಪರೀಕ್ಷೆಯ ದಿನ, ಅದೇ ಸ್ಲೈಡ್ ಎದುರಿಗೆ ಬಂದರೆ ಗುರುತೇ ಸಿಗಲ್ಲ. ಯಾಕೆಂದರೆ ನಾವು ಕಲಿತಿದ್ದು ಚಿತ್ರವನ್ನು, ಸ್ಲೈಡನ್ನಲ್ಲ.

ಮೈಟೋಸಿಸ್ ನೋಡಲು ಬಳಸುವ ಉಳ್ಳಾಗಡ್ಡಿ ಬೇರನ್ನೇ ತಗೊಳ್ಳಿ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂದಿದೆ, ಸಿಲಬಸ್ ಎಷ್ಟು ಸಲ ಬದಲಾದರೂ ಈ ಬೇರು ಮಾತ್ರ ಜಾಗ ಬಿಟ್ಟಿಲ್ಲ! ಉಳ್ಳಾಗಡ್ಡಿಯ ಬುಡ ನೀರಿಗೆ ತಾಗುವ ಹಾಗೆ ಲೋಟದ ಮೇಲೆ ಕೂರಿಸಿದರೆ ಎರಡು ಮೂರು ದಿನಕ್ಕೆ ಬೇರು ಬರುತ್ತದೆ. ನಮ್ಮ ಗಂಗಾವತಿ ಬೇಸಿಗೆಗೆ ನೀರು ಬೇಗ ನಾರುತ್ತದೆ, ದಿನಾ ಬದಲಿಸಿ. ಮುಖ್ಯ ವಿಷಯ, ಕೋಶಗಳು ಒಡೆದು ಎರಡಾಗುವುದು ತುದಿಯ ಒಂದೆರಡು ಮಿಲಿಮೀಟರಿನಲ್ಲಿ ಮಾತ್ರ. ಉದ್ದ ಬೇರು ಕತ್ತರಿಸಿ ಹಾಕಿದರೆ ಬರೀ ಉದ್ದುದ್ದ ಕೋಶ ಕಾಣುತ್ತವೆ, ಒಂದು ಕ್ರೋಮೋಸೋಮೂ ಕಾಣಲ್ಲ. ಬೇರಿಗೆ ಆಸಿಡ್ ಹಾಕಿ ಬಿಸಿ ಮಾಡುವುದು, ಅಸಿಟೋಕಾರ್ಮಿನ್ ಬಣ್ಣ ಹಾಕುವುದು ಕಾಲೇಜಲ್ಲೇ ಆಗಲಿ, ಆಸಿಡ್ ಮನೆಗೆ ತರಬೇಡಿ. ಸ್ಲೈಡ್ ಮಾತ್ರ ತಂದು ಆರಾಮಾಗಿ ನೋಡಿ. ಆಗ ಪುಸ್ತಕ ಹೇಳದ ಒಂದು ಸಂಗತಿ ಕಾಣುತ್ತದೆ. ಪುಸ್ತಕದಲ್ಲಿ ಪ್ರೊಫೇಸ್, ಮೆಟಾಫೇಸ್, ಅನಾಫೇಸ್ ಅಂತ ಒಡೆಯುವ ಹಂತಗಳಿಗೆಲ್ಲ ಒಂದೊಂದು ಚಿತ್ರ, ಸಾಲಾಗಿ. ಸ್ಲೈಡಿನಲ್ಲಿ ಹಾಗಿಲ್ಲ. ಬಹುಪಾಲು ಕೋಶಗಳು ಇಂಟರ್‌ಫೇಸಲ್ಲೇ ಇರುತ್ತವೆ, ಅಂದರೆ ಇನ್ನೂ ಒಡೆಯಲು ಶುರುವಾಗಿರಲ್ಲ, ಅನಾಫೇಸ್ ಹುಡುಕಿ ಹುಡುಕಿ ಸಿಗಬೇಕು. ಅಂದರೆ ಒಡೆಯುವ ಕೆಲಸಕ್ಕೆ ಕೋಶ ತಗೊಳ್ಳುವ ಸಮಯ ತೀರಾ ಕಡಿಮೆ ಅಂತ ಯಾರೂ ಹೇಳದೇ ಗೊತ್ತಾಗುತ್ತದೆ. ಮೆಟಾಫೇಸ್ ಚೆನ್ನಾಗಿ ಹರಡಿಕೊಂಡಿದ್ದರೆ 16 ಕ್ರೋಮೋಸೋಮ್ ಎಣಿಸಲು ನೋಡಬಹುದು, 675 ಪಟ್ಟಿನಲ್ಲಿ ಸ್ವಲ್ಪ ಕಷ್ಟ.

ಇದಕ್ಕಿಂತ ನನಗೆ ಖುಷಿ ಕೊಟ್ಟಿದ್ದು ಅಜೋಲಾ. ದನಕ್ಕೆ ಹಾಕಲು ಗುಂಡಿ ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿ ಬೆಳೆಸುತ್ತಾರಲ್ಲ, ಅದೇ. ಒಂದು ಎಲೆ ಕಿತ್ತು, ಸ್ಲೈಡ್ ಮೇಲೆ ನೀರಿನ ಹನಿಯಲ್ಲಿಟ್ಟು, ಕವರ್ ಸ್ಲಿಪ್ ಮುಚ್ಚಿ ಮೆಲ್ಲಗೆ ಒತ್ತಿ. ಎಲೆಯ ಪೊಳ್ಳಿನಲ್ಲಿ ವಾಸ ಮಾಡುವ ಅನಬೀನಾ ಅನ್ನುವ ನೀಲಿಹಸಿರು ಪಾಚಿಯ ಎಳೆಗಳು ಹೊರಗೆ ಬರುತ್ತವೆ, ಮಣಿಸರದ ಹಾಗೆ, ನಡುನಡುವೆ ಸ್ವಲ್ಪ ದೊಡ್ಡ, ಪೇಲವ ಮಣಿ. ಆ ದೊಡ್ಡವೇ ಹೆಟರೋಸಿಸ್ಟ್. ಗಾಳಿಯ ನೈಟ್ರೋಜನ್ ಹಿಡಿಯುವ ಕಿಣ್ವ ಇರುವುದು ಅವುಗಳಲ್ಲಿ, ಆ ಕಿಣ್ವಕ್ಕೆ ಆಮ್ಲಜನಕ ಅಂದರೆ ಆಗಲ್ಲ, ಅದಕ್ಕೇ ಅವುಗಳ ಗೋಡೆ ದಪ್ಪ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಭತ್ತ ಬೆಳೆದು ಚೀಲಗಟ್ಟಲೆ ಯೂರಿಯಾ ಚೆಲ್ಲುವ ಊರಿನಲ್ಲಿ ಕೂತು ಇದನ್ನು ನೋಡುವುದಿದೆಯಲ್ಲ, ನೈಟ್ರೋಜನ್ ಫಿಕ್ಸೇಶನ್ ಪಾಠ ಅಲ್ಲಿಗೇ ತಲೆಗೆ ಹತ್ತಿತು. ಹೊಂಡದ ಹೈಡ್ರಿಲ್ಲಾ ಎಲೆಯಲ್ಲಿ ಹಸಿರು ಚುಕ್ಕೆಗಳು ಕೋಶದ ಅಂಚಿಗೆ ಸುತ್ತು ಹೊಡೆಯುವುದೂ ಕಾಣುತ್ತದೆ, ಮನೆಯವರಿಗೆ ತೋರಿಸಲು ಅದೇ ಬೆಸ್ಟ್.

ನನ್ನ ಮೈಕ್ರೋಸ್ಕೋಪಿನಲ್ಲಿ ಕೊರತೆಗಳೂ ಇವೆ. ಫೈನ್ ಫೋಕಸ್ ತಿರುಪು ಸ್ವಲ್ಪ ಸಡಿಲ, ತಿರುಗಿಸಿದ ಮೇಲೆ ಒಂದು ಕ್ಷಣ ಏನೂ ಆಗಲ್ಲ, ಆಮೇಲೆ ಜಾರುತ್ತದೆ. ಫೋನಿನಲ್ಲಿ ಫೋಟೋ ತೆಗೆಯಲು ಕೈ ನಡುಗದೇ ಹಿಡಿಯಬೇಕು. ಕನ್ನಡಿ ಮಾತ್ರ ನನಗೆ ಇಷ್ಟ, ಕರೆಂಟ್ ಹೋದರೂ ಕೆಲಸ ನಿಲ್ಲಲ್ಲ. ನೇರ ಬಿಸಿಲಿಗೆ ಹಿಡಿಯಬೇಡಿ, ಕಣ್ಣಿಗೆ ಅಪಾಯ, ಉತ್ತರದ ಕಿಟಕಿ ಸಾಕು. ಇನ್ನು ಧೂಳು. ರೈಸ್ ಮಿಲ್ ಬೂದಿ ಹಾರುವ ಕಡೆ ಮುಚ್ಚಳ ಇಲ್ಲದೆ ಇಟ್ಟರೆ ಕಥೆ ಮುಗಿಯಿತು. ಕಪ್ಪು ಚುಕ್ಕೆ ಕಂಡರೆ ಐಪೀಸ್ ತಿರುಗಿಸಿ ನೋಡಿ. ಚುಕ್ಕೆಯೂ ತಿರುಗಿದರೆ ಕೊಳೆ ಐಪೀಸಿನಲ್ಲಿದೆ, ಸ್ಲೈಡ್ ಸರಿಸಿದಾಗ ಚುಕ್ಕೆ ಸರಿದರೆ ಸ್ಲೈಡಿನಲ್ಲಿದೆ. ಮೊದಲು ಊದುವ ರಬ್ಬರ್ ಬಲ್ಬಿನಿಂದ ಗಾಳಿ ಬಿಟ್ಟು ಆಮೇಲೆ ಲೆನ್ಸ್ ಪೇಪರಿನಲ್ಲಿ ಒರೆಸಿ. ಅಂಗಿ, ದುಪಟ್ಟಾ ಬೇಡ.

ಈಗ ಆ ದೊಡ್ಡ ನಂಬರ್. ಆನ್‌ಲೈನಿನಲ್ಲಿ 2000, 2500 ಪಟ್ಟು ಅಂತ ಮಾರುತ್ತಾರೆ. 100ರ ಲೆನ್ಸಿಗೆ 25ರ ಐಪೀಸ್ ಹಾಕಿದರೆ 2500 ಆಗುತ್ತದೆ, ನಿಜ. ಆದರೆ ಮಾಮೂಲಿ ಬೆಳಕಿನಲ್ಲಿ ಎರಡು ಚುಕ್ಕೆ ಬೇರೆ ಬೇರೆಯಾಗಿ ಕಾಣಬೇಕಾದರೆ ನಡುವೆ ಹೆಚ್ಚುಕಮ್ಮಿ 0.2 ಮೈಕ್ರೋಮೀಟರ್ ಅಂತರ ಬೇಕು, ಅದರಾಚೆ ದೊಡ್ಡದು ಮಾಡಿದರೆ ಮಸುಕೇ ದೊಡ್ಡದಾಗುತ್ತದೆ. 100ರ ಲೆನ್ಸ್ ಬೇಕೇ ಬೇಕು ಅಂದರೆ ಲೆನ್ಸಿಗೂ ಸ್ಲೈಡಿಗೂ ನಡುವೆ ಎಣ್ಣೆ ಹನಿ ಬೇಕು, ಸ್ಟೇಜ್ (ಸ್ಲೈಡ್ ಇಡುವ ತಟ್ಟೆ) ಕೆಳಗೆ ಬೆಳಕನ್ನು ಸ್ಲೈಡಿನ ಮೇಲೆ ಕೂಡಿಸುವ ಒಳ್ಳೆ ಕಂಡೆನ್ಸರ್ ಬೇಕು. ಕಂಡೆನ್ಸರ್ ಇಲ್ಲದ ಮೈಕ್ರೋಸ್ಕೋಪಿಗೆ 100ರ ಲೆನ್ಸ್ ಸುಮ್ನೆ ದುಡ್ಡು ದಂಡ. ಮೈಕ್ರೋಬಯಾಲಜಿ ತಗೊಂಡವರು ಮಾತ್ರ ಅದಕ್ಕೆ ಖರ್ಚು ಮಾಡಿ.

ದುಡ್ಡಿಲ್ಲ ಅನ್ನುವವರಿಗೆ ಫೋಲ್ಡ್‌ಸ್ಕೋಪ್ ಇದೆ, ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡ ಮಾಡಿದ ಕಾಗದದ ಮೈಕ್ರೋಸ್ಕೋಪ್, ಸುಮಾರು 140 ಪಟ್ಟು. ಹೊಲದಲ್ಲಿ ಜೇಬಿನಿಂದ ತೆಗೆದು ಪರಾಗ, ಪಾಚಿ ನೋಡಲು ಚೆಂದ. ಕ್ರೋಮೋಸೋಮ್ ಎಣಿಸಲು ಸಾಲಲ್ಲ.

ಬಳ್ಳಾರಿಗೋ ಹುಬ್ಬಳ್ಳಿಗೋ ಹೋಗಿ ಅಂಗಡಿಯಲ್ಲೇ ನೋಡಿ ತಗೊಳ್ಳುವುದಾದರೆ ಒಂದು ಉಳ್ಳಾಗಡ್ಡಿ ಜೊತೆಗಿರಲಿ, ಅಲ್ಲೇ ಸಿಪ್ಪೆಯ ಸ್ಲೈಡ್ ಮಾಡಿ. 10ರಲ್ಲಿ ಫೋಕಸ್ ಮಾಡಿ 45ಕ್ಕೆ ತಿರುಗಿಸಿದಾಗ ತಿರುಪು ಒಂಚೂರು ಮುಟ್ಟಿದರೆ ಚಿತ್ರ ಬರಬೇಕು, ಪೂರ್ತಿ ಮಾಯವಾಗಬಾರದು. ಆಮೇಲೆ ಕೈ ಬಿಟ್ಟು ಎರಡು ನಿಮಿಷ ಸುಮ್ನಿರಿ. ಟ್ಯೂಬ್ ತಾನಾಗೇ ಕೆಳಗೆ ಇಳಿದು ಚಿತ್ರ ಮಸುಕಾದರೆ ಬೇರೆ ಪೀಸ್ ಕೊಡಿ ಅನ್ನಿ, ಕೊಡದಿದ್ದರೆ ಬೇರೆ ಅಂಗಡಿ.