ಬಂಡೆ ದಡದ ಡೈವಿಂಗ್‌ಗೆ ಯಾವ ಫಿನ್: ಫುಲ್ ಫೂಟಾ, ಓಪನ್ ಹೀಲಾ?

ದಡದಿಂದ ನಡೆದೇ ಇಳಿಯುವ ಬಂಡೆ ರೀಫ್‌ಗೆ (ನೀರೊಳಗಿನ ಬಂಡೆಸಾಲು) ನನ್ನ ಆಯ್ಕೆ ಓಪನ್ ಹೀಲ್ ಫಿನ್ (ಹಿಮ್ಮಡಿ ತೆರೆದಿದ್ದು, ಬೂಟಿನ ಮೇಲೆ ತೊಟ್ಟು ಪಟ್ಟಿಯಿಂದ ಹಿಡಿಸುವ ಈಜುರೆಕ್ಕೆ), ಗಟ್ಟಿ ಅಡಿಯ 5 ಮಿ.ಮೀ. ನಿಯೋಪ್ರೀನ್ (ಗಾಳಿಗುಳ್ಳೆ ತುಂಬಿದ ರಬ್ಬರ್) ಬೂಟು, ಹಿಮ್ಮಡಿಗೆ ಸ್ಪ್ರಿಂಗ್ ಸ್ಟ್ರಾಪ್ (ಸ್ಪ್ರಿಂಗಿನ ಪಟ್ಟಿ). ಎರಡೂ ಬಗೆಯನ್ನು ಒಂದೇ ಜಾಗದಲ್ಲಿ ಅದಲುಬದಲು ಮಾಡಿ ನೋಡಿದ ಮೇಲೆ, ಹಿಮ್ಮಡಿಯೂ ಮುಚ್ಚಿದ, ಬರಿಗಾಲಿಗೇ ತೊಡುವ ಫುಲ್ ಫೂಟ್ ಜೋಡಿಯನ್ನು ದೋಣಿಯಿಂದ ಇಳಿಯುವ ದಿನಗಳಿಗಷ್ಟೇ ಇಟ್ಟುಕೊಂಡಿದ್ದೇನೆ.

ನೀರೊಳಗೆ ಫುಲ್ ಫೂಟ್ ಚೆನ್ನಾಗಿಯೇ ಇದೆ. ಪಾದಕ್ಕೂ ಬ್ಲೇಡಿಗೂ (ನೀರು ತಳ್ಳುವ ಅಗಲ ಹಲಗೆ) ನಡುವೆ ಬೂಟಿನ ದಪ್ಪವಿಲ್ಲದ್ದರಿಂದ ಒದ್ದ ಬಲ ವ್ಯರ್ಥವಾಗುವುದಿಲ್ಲ. ಹಗುರ, ಬೇಗ ಒಣಗುತ್ತದೆ, ಪ್ರಯಾಣಕ್ಕೆ ಸುಲಭ.

ತೊಂದರೆಯೆಲ್ಲ ನೀರಂಚಿನ ಹತ್ತು ಹೆಜ್ಜೆಯಲ್ಲಿ. ಕಾಲಡಿ ಪಾಚಿ ಹಿಡಿದ ಬಂಡೆ, ಅದಕ್ಕಂಟಿದ ಚೂಪು ಚಿಪ್ಪುಗಳು, ಸಂದಿಗಳಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಜೀವಿಗಳು. ಬೆನ್ನ ಮೇಲೆ 12 ಲೀಟರಿನ ಉಕ್ಕಿನ ಸಿಲಿಂಡರ್. ಮುಳುಗಲು ಕಟ್ಟುವ ಸೀಸದ ತೂಕವೂ ಸೇರಿದರೆ 20 ಕಿಲೋ ದಾಟುತ್ತದೆ. ಇಲ್ಲಿ ಬರಿಗಾಲು ಆಗದು, ತೆಳು ನಿಯೋಪ್ರೀನ್ ಸಾಕ್ಸ್ ಹರಿಯುತ್ತದೆ. ದಡದಲ್ಲೇ ಫಿನ್ ತೊಟ್ಟು ಹಿಂದುಹಿಂದಕ್ಕೆ ನಡೆಯುವುದು ಮರಳಿನಲ್ಲಿ ಸರಿ; ಬಂಡೆಯಲ್ಲಿ ಬ್ಲೇಡಿನ ಅಂಚು ಸಂದಿಗೆ ಸಿಕ್ಕಿ ಬೀಳಿಸುತ್ತದೆ. ಚಪ್ಪಲಿ ಹಾಕಿ ಹೋದರೆ ನೀರಲ್ಲಿ ಅದನ್ನು ಎಲ್ಲಿಡುವುದು? ಹೊರಬರುವಾಗ ಇನ್ನೂ ಕಷ್ಟ: ಒದ್ದೆ ರಬ್ಬರು ಹಿಮ್ಮಡಿಗೆ ಕಚ್ಚಿಕೊಂಡಿರುತ್ತದೆ, ಕಳಚಲು ಎರಡೂ ಕೈ ಬೇಕು, ಅಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ. ಕಳಚಿದ್ದನ್ನು ಮಣಿಕಟ್ಟಿಗೆ ತೂಗುಹಾಕಲು ಪಟ್ಟಿಯೂ ಇಲ್ಲ.

ಬೂಟಿದ್ದರೆ ಕ್ರಮ ಹೀಗೆ: ಮಾಸ್ಕ್ ಮುಖದ ಮೇಲೆ, ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ) ಬಾಯಲ್ಲಿ, ಬಿಸಿಡಿಯಲ್ಲಿ (ಗಾಳಿ ತುಂಬಿ ತೇಲುವ ಜಾಕೆಟ್) ಅರ್ಧ ಗಾಳಿ. ಕೆಲವು ನಿಮಿಷ ಅಲೆ ನೋಡಿ, ದೊಡ್ಡ ಅಲೆಗಳ ಸಾಲು ಮುಗಿದ ಕೂಡಲೇ ಸೊಂಟ ಮಟ್ಟದ ನೀರಿಗೆ ನಡೆಯಿರಿ. ಒಂದು ಕೈ ಜೊತೆಗಾರರ ಹೆಗಲ ಮೇಲಿಟ್ಟು, ಒಂದು ಕಾಲನ್ನು ಇನ್ನೊಂದರ ಮಂಡಿಗೆ ಅಡ್ಡ ತಂದು, ಪಾದವನ್ನು ಫಿನ್ನಿಗೆ ತೂರಿಸಿ, ಸ್ಪ್ರಿಂಗಿನ ಹಿಂದಿನ ಕುಣಿಕೆಗೆ ಕೈಯ ಹೆಬ್ಬೆರಳು ಹಾಕಿ ಎಳೆದರೆ ಆಯಿತು. ಮರಳುವಾಗ ಫಿನ್ ಮಣಿಕಟ್ಟಿಗೆ, ಒಣ ಬಂಡೆ ಹತ್ತುವವರೆಗೂ ರೆಗ್ಯುಲೇಟರ್ ಬಾಯಲ್ಲೇ.

ಓಪನ್ ಹೀಲ್ ಅಂದಮಾತ್ರಕ್ಕೆ ಸಾಲದು, ಪ್ಲಾಸ್ಟಿಕ್ ಬಕಲ್ ಇರುವುದನ್ನು ಕೊಂಡರೆ ಅರ್ಧ ಲಾಭ ಹೋಯಿತು. ಮರಳಿನ ಒಂದೆರಡು ಕಣ ಬಕಲ್ಲಿನ ಹಲ್ಲಿಗೆ ಸೇರಿದರೆ ಗುಂಡಿ ಒತ್ತಿದರೂ ಬಿಡುವುದಿಲ್ಲ, ಅಥವಾ ಹಲ್ಲು ಹಿಡಿಯದೆ ಪಟ್ಟಿ ಜಾರುತ್ತದೆ. ಗಾಳಿ ತುಂಬಿದ ಬಿಸಿಡಿ ಅಡ್ಡವಿರುವುದರಿಂದ ಹಿಮ್ಮಡಿ ಕಾಣುವುದಿಲ್ಲ, ಕೈಗವಸಿನಲ್ಲಿ ತಡಕಾಡಬೇಕು. ಉಪ್ಪು, ಬಿಸಿಲಿಗೆ ರಬ್ಬರ್ ಪಟ್ಟಿ ಬಿರುಕು ಬಿಡುವುದೂ ಬಕಲ್ಲಿನ ಬಳಿ ಬಾಗುವ ಜಾಗದಲ್ಲೇ. ರಬ್ಬರಿನದೇ ಬಳಸುವವರು ಒಂದು ಪಟ್ಟಿ ಹೆಚ್ಚಿಗೆ ಇಟ್ಟುಕೊಳ್ಳಲಿ.

ಸ್ಪ್ರಿಂಗಿಗೆ ಬಕಲ್ ಇಲ್ಲ, ಹಾಗಾಗಿ ಸಡಿಲ ಬಿಗಿ ಮಾಡುವ ಮಾತೂ ಇಲ್ಲ. ಅಳತೆಯನ್ನು ಬೂಟು ತೊಟ್ಟೇ ನೋಡಬೇಕು. ಬಿಗಿಯಾದರೆ ಬೆರಳು ಜೋಮು ಹಿಡಿಯುತ್ತವೆ. ಸಡಿಲವಾದರೆ ಪಾದ ಒಳಗೇ ಓಲಾಡಿ ಮೀನಖಂಡ ಸೆಳೆಯುತ್ತದೆ. ಕಾಲೆತ್ತಿ ಜೋರಾಗಿ ಕೊಡವಿದರೂ ಹಿಮ್ಮಡಿ ಅಲುಗಬಾರದು.

ಬೂಟಿನ ನಿಯೋಪ್ರೀನ್ ಕಾಲನ್ನು ಮೇಲಕ್ಕೆ ತೇಲಿಸುತ್ತದೆ. ಹಗುರ ಪ್ಲಾಸ್ಟಿಕ್ ಬ್ಲೇಡ್ ಜೊತೆಗಿದ್ದರೆ ಕಾಲು ಮೇಲೆದ್ದು, ತಲೆ ತಗ್ಗಿಸಿಯೇ ಈಜಬೇಕಾಗುತ್ತದೆ. ಅದಕ್ಕೇ ಮುಳುಗುವ ಭಾರದ ರಬ್ಬರ್ ಫಿನ್, ಅದೂ ಗಿಡ್ಡ, ಗಟ್ಟಿ ಬ್ಲೇಡಿನದು. ಬಂಡೆಗಳ ಓಣಿಯಲ್ಲಿ, ಚಾಚುಬಂಡೆಯ ಕೆಳಗೆ ಕಪ್ಪೆಯಂತೆ ಒದೆಯಲು ಅದೇ ಸರಿ. ಸೀ ಫ್ಯಾನ್‌ಗೆ (ಬೀಸಣಿಗೆಯಂಥ ಹವಳ) ತಗಲುವುದಿಲ್ಲ, ತಳದ ಮರಳೂ ಏಳುವುದಿಲ್ಲ. ಉದ್ದ ಬ್ಲೇಡಿನ ಫುಲ್ ಫೂಟ್ ಇಲ್ಲಿಯೂ ಹಿಂದೆ.

ಹಣ ಕಡಿಮೆಯಿದ್ದರೆ ಮೊದಲು ಹೊಸ ಬೂಟು ಕೊಳ್ಳಿ, ಫಿನ್ ಹಳೆಯದಾದರೂ ನಡೆಯುತ್ತದೆ. ಕಾಲಿಡುವ ಜಾಗದ ರಬ್ಬರಿನಲ್ಲಿ ಬಿರುಕಿದೆಯೇ ಎಂದು ಮಡಚಿ ನೋಡಿ. ಸ್ಪ್ರಿಂಗ್ ಆಮೇಲೆ ಪ್ರತ್ಯೇಕವಾಗಿ ಹಾಕಿಸಬಹುದು. ಆದರೆ ಅದನ್ನು ಸಿಕ್ಕಿಸುವ ಗೂಟ ಎಲ್ಲ ಕಂಪನಿಯವರದ್ದೂ ಒಂದೇ ಥರ ಇರುವುದಿಲ್ಲ, ಫಿನ್ ಕೈಯಲ್ಲಿ ಹಿಡಿದೇ ಕೊಳ್ಳಿ.