ನಮ್ಮ ಕೇರಿಯ ನಳದ ನೀರು: ಮೂರು ಬೇಸಿಗೆ ಕಂಡ ಮೇಲೆ

ನಮ್ಮನೆಯ ಹದಿನೈದು ಲೀಟರಿನ ಕೊಡಪಾನ ಡಿಸೆಂಬರಿನಲ್ಲಿ ಎರಡೂವರೆ ನಿಮಿಷಕ್ಕೆ ತುಂಬುತ್ತದೆ, ಏಪ್ರಿಲಿನಲ್ಲಿ ಐದು ನಿಮಿಷ ಹಿಡಿಯುತ್ತದೆ. ಗಡಿಯಾರ ಕೈಯಲ್ಲಿ ಹಿಡಿದು ನಳದ ಎದುರು ನಿಂತು ಬರೆದಿಟ್ಟ ಲೆಕ್ಕ ಇದು. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದವಳು ನಾನು. 2024ರಲ್ಲಿ ನಿವೃತ್ತಿಯಾದರೂ ಬರೆದಿಡುವ ಅಭ್ಯಾಸ ಹೋಗಿಲ್ಲ. ಮನೆ ಮನೆಗೆ ನಳ ಕೊಡುವ ಜಲ ಜೀವನ ಮಿಷನ್ ಯೋಜನೆ ಹೇಗಿದೆ ಎಂದು ನೆಂಟರಿಷ್ಟರು ಕೇಳುತ್ತಲೇ ಇರುತ್ತಾರೆ. ಒಂದು ಮಾತಿನಲ್ಲಿ ಮುಗಿಸುವ ಉತ್ತರ ನನ್ನಲ್ಲಿಲ್ಲ. ಹಾಗಾಗಿ ಇಷ್ಟು ಬರೆಯುತ್ತಿದ್ದೇನೆ.

ನಮ್ಮದು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ದಂಡೆಯ ಒಂದು ಕೇರಿ, ನಲವತ್ತಮೂರು ಮನೆ. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಉಬ್ಬರದ ಉಪ್ಪುನೀರು ನುಗ್ಗುವ ಗಜನಿ ಗದ್ದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಊರಿನಲ್ಲಿ ಕುಡಿಯುವ ನೀರಿಗೆ ಎಂತ ತಾಪತ್ರಯ ಎಂದು ಘಟ್ಟದ ಮೇಲಿನವರಿಗೆ ಆಶ್ಚರ್ಯ. ಶಿರಸಿಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕುವ ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಮೇಲಿನ ಸಿಹಿನೀರು ತೆಳುವಾಗುತ್ತಾ ಬಂದಂತೆ ಸಮುದ್ರದ ಉಬ್ಬರ ಹೊಳೆಯೊಳಗೆ ಮೈಲುಗಟ್ಟಲೆ ಏರಿ ಬರುತ್ತದೆ. ನಮ್ಮ ಬಳಚು ಎಂಬ ಚಿಪ್ಪು, ಸಿಗಡಿ, ಉಪ್ಪು ತಾಳುವ ಕಗ್ಗ ಭತ್ತ ಎಲ್ಲ ಆ ಉಪ್ಪಿನ ಋಣ. 2024ರ ಜನವರಿಯಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದೂ ಆ ಜೀವವೈವಿಧ್ಯಕ್ಕಾಗಿಯೇ. ಅದೇ ಉಪ್ಪು ಬಾವಿಗೂ ಬರುತ್ತದೆ. ಶಿವರಾತ್ರಿ ಕಳೆದರೆ ಕೇರಿಯ ಬಾವಿಗಳು ಒಂದೊಂದಾಗಿ ಸವಳಾಗುತ್ತಾ ಹೋಗಿ, ಕಡೆಗೆ ಉಳಿಯುವುದು ಗುಡ್ಡದ ಬುಡದ ಚಿರೆಕಲ್ಲಿನ ಬಾವಿ ಒಂದೇ.

ಆ ಬಾವಿಯ ಗುರುತು ನನ್ನ ಹಾಜರಿ ಪುಸ್ತಕದಲ್ಲೂ ಇತ್ತು. ತಡವಾಗಿ ಬಂದ ಮಕ್ಕಳ ಹೆಸರಿನ ಮುಂದೆ ನಾನು ಹಸಿರು ಶಾಯಿಯಲ್ಲಿ ಒಂದು ಚುಕ್ಕಿ ಇಡುತ್ತಿದ್ದೆ. ಮಾರ್ಚ್ ಬಂತೆಂದರೆ ಈ ಕೇರಿಯ ಹುಡುಗಿಯರ ಸಾಲಿನಲ್ಲೆಲ್ಲ ಹಸಿರು ಚುಕ್ಕಿ. ಹುಡುಗರ ಸಾಲು ಖಾಲಿ. ಐದನೆಯ ತರಗತಿಯ ಹುಡುಗಿಯೊಬ್ಬಳು ಒಂದು ಭುಜ ಪೂರಾ ಒದ್ದೆಯಾಗಿ ಬಂದು ಬಾಗಿಲಲ್ಲಿ ನಿಂತು, "ಅಕ್ಕೋರೆ, ಬಾವೀಲಿ ಪಾಳಿ ಇತ್ತು" ಎನ್ನುವಳು. ಬೈಯಲು ಬಾಯಿ ಬರುತ್ತಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಅದೇ ಬಾವಿಕಟ್ಟೆಯಲ್ಲಿ ನಾನೂ ಪಾಳಿಗೆ ನಿಂತು ಬಂದಿರುತ್ತಿದ್ದೆ.

ಜಲ ಜೀವನ ಮಿಷನ್ ಘೋಷಣೆಯಾಗಿದ್ದು 2019ರ ಆಗಸ್ಟ್ 15ರಂದು. ಕೇಂದ್ರ, ರಾಜ್ಯ ಅರ್ಧರ್ಧ ಹಣ ಹಾಕುತ್ತವೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಮನೆ ಮನೆಗೆ ಗಂಗೆ ಎಂದು ಹೆಸರು. ಯೋಜನೆ ಕೊಡುವ ಮಾತು ಸ್ಪಷ್ಟವಾಗಿದೆ: ಪ್ರತಿ ಮನೆಗೆ ನಳ, ತಲೆಗೆ ದಿನಕ್ಕೆ 55 ಲೀಟರ್, ಕುಡಿಯಲು ಯೋಗ್ಯವಾದ ನೀರು, ಅದೂ ನಿಯಮಿತವಾಗಿ, ಬಹುಕಾಲ. 2024ಕ್ಕೆ ಮುಗಿಯಬೇಕಿದ್ದನ್ನು 2025ರ ಬಜೆಟ್ಟಿನಲ್ಲಿ 2028ರವರೆಗೆ ವಿಸ್ತರಿಸಿದರು. ನಮ್ಮ ಕೇರಿಯಲ್ಲಿ 2022ರ ಜನವರಿಗೆ ಕಾಲುವೆ ತೋಡಿ ಪೈಪು ಹಾಕಿದರು, ನವೆಂಬರಿಗೆ ನೀರು ಬಂತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಅದು ಸಣ್ಣದಲ್ಲ. ನಮ್ಮನೆಯಲ್ಲಿ ನಾಲ್ಕು ಜನ, ದಿನಕ್ಕೆ 220 ಲೀಟರ್ ಬರಬೇಕು. ಮಳೆಗಾಲ ಮುಗಿದಲ್ಲಿಂದ ಫೆಬ್ರವರಿವರೆಗೆ ಬೆಳಿಗ್ಗೆ ಮುಕ್ಕಾಲು ಗಂಟೆ ನೀರು ಬಿಡುತ್ತಾರೆ. ಎರಡೂವರೆ ನಿಮಿಷಕ್ಕೊಂದು ಕೊಡಪಾನದ ಲೆಕ್ಕದಲ್ಲಿ 270 ಲೀಟರ್ ಆಯಿತು. ಹಂಡೆ ತುಂಬುತ್ತದೆ, ಅಡಿಗೆಮನೆಗೆ ಆಗುತ್ತದೆ, ದನದ ಬಾನಿಗೂ ಒಂದಿಷ್ಟು ಉಳಿಯುತ್ತದೆ. 2023ರ ಮಾರ್ಚಿನ ನನ್ನ ಹಾಜರಿ ಪುಸ್ತಕದಲ್ಲಿ ಈ ಕೇರಿಯ ಹುಡುಗಿಯರ ಹೆಸರಿನ ಮುಂದೆ ಹಸಿರು ಚುಕ್ಕಿ ಇದ್ದದ್ದು ಎರಡೇ ಎರಡು, ಅವೂ ಜ್ವರದವು. ತಿಂಗಳ ಕೊನೆಗೆ ಪುಟ ಮಗುಚಿ ನೋಡಿದಾಗ ನನ್ನ ಕಣ್ಣು ತುಂಬಿತು. ಈ ಯೋಜನೆಗೆ ಯಾರೇ ಎಷ್ಟೇ ಅಂಕ ಕೊಡಲಿ, ಆ ಪುಟವೊಂದನ್ನು ನೋಡಿ ಕೊಡಬೇಕು.

ಅದೇ ವರ್ಷ ಊರಿನ ಐವರು ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಟ್ಟು ಒಂದು ಕಿಟ್ ಕೊಟ್ಟರು. ಪ್ರತಿ ಊರಿನಲ್ಲೂ ಹೀಗೆ ಐದು ಹೆಂಗಸರನ್ನು ತಯಾರು ಮಾಡಬೇಕು ಎಂಬುದು ಯೋಜನೆಯ ನಿಯಮ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದು. ಉಪ್ಪಿನ ಪರೀಕ್ಷೆ ಹೇಗೆಂದರೆ, ಚಿಕ್ಕ ಶೀಶೆಗೆ ಗುರುತಿನವರೆಗೆ ನೀರು ಹಾಕಿ ಸೂಚಕ ಬೆರೆಸಿದರೆ ನಿಂಬೆಹಣ್ಣಿನ ಹಳದಿ ಬಣ್ಣ ಬರುತ್ತದೆ. ಆಮೇಲೆ ಇನ್ನೊಂದು ಬಾಟಲಿಯಿಂದ ಒಂದೊಂದೇ ಹನಿ ಬಿಡುತ್ತಾ ಎಣಿಸಬೇಕು. ಪ್ರತಿ ಹನಿಗೆ ಶೀಶೆ ಅಲ್ಲಾಡಿಸಬೇಕು. ಹಳದಿ ಹೋಗಿ ಇಟ್ಟಿಗೆಯ ಕೆಂಪು ನಿಂತ ಹನಿಯೇ ಉತ್ತರ. ನಮ್ಮ ಕಿಟ್ಟಿನ ಪುಸ್ತಿಕೆಯ ಪ್ರಕಾರ ಒಂದು ಹನಿಗೆ ಲೀಟರಿನಲ್ಲಿ 20 ಮಿಲಿಗ್ರಾಂ ಕ್ಲೋರೈಡ್. 2023ರ ಡಿಸೆಂಬರಿನಲ್ಲಿ ಆರು ಹನಿಗೆ ಕೆಂಪಾಯಿತು, ಅಂದರೆ 120. ಒಳ್ಳೆಯ ನೀರು.

2023ರಲ್ಲಿ ಮುಂಗಾರು ಕೈಕೊಟ್ಟಿತ್ತು. ಮರುವರ್ಷ ಯುಗಾದಿಯ ವಾರ ಚಹಾದ ರುಚಿ ಕೆಟ್ಟಿತು. ಪರೀಕ್ಷೆಗೆ ಕೂತೆ. ಹತ್ತು ಹನಿ, ಹದಿನೈದು, ಇಪ್ಪತ್ತು, ಇನ್ನೂ ಹಳದಿ. ಪಕ್ಕದಲ್ಲಿ ಕೂತಿದ್ದ ಸಂಘದ ಹೆಂಗಸರೆಲ್ಲ ಎಣಿಸುವುದಕ್ಕೆ ಸೇರಿಕೊಂಡರು. ಮೂವತ್ತೊಂದನೆಯ ಹನಿಗೆ ಕೆಂಪಾಯಿತು. 620.

ಇಲ್ಲೊಂದು ವಿಷಯ ತಿಳಿದಿರಬೇಕು. ಐಎಸ್ 10500 ಎಂಬ ಕುಡಿಯುವ ನೀರಿನ ಮಾನದಂಡದಲ್ಲಿ ಕ್ಲೋರೈಡಿಗೆ ಎರಡು ಗೆರೆ ಇವೆ. 250ರವರೆಗೆ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 1000ದವರೆಗೆ ಅನುಮತಿ. ಹಾಗಾಗಿ ಇಲಾಖೆಯವರಿಗೆ ಫೋನ್ ಮಾಡಿ ಹೇಳಿದಾಗ, "ಮಿತಿಯೊಳಗೇ ಇದೆಯಲ್ಲ ಮೇಡಂ" ಎಂಬ ಉತ್ತರ ಬಂತು. ಬೇರೆ ಮೂಲ ಇಲ್ಲದಿದ್ದರೆ ಎಂಬ ಮಾತನ್ನು ಅವರು ಬಿಟ್ಟಿದ್ದರು. ನಮಗೆ ಬೇರೆ ಮೂಲ ಇದೆ, ಗುಡ್ಡದ ಬುಡದ ಬಾವಿ. ಆ ಬೇಸಿಗೆಯಲ್ಲಿ ನಳಕ್ಕೆ ನೀರು ಬಂದದ್ದೂ ದಿನ ಬಿಟ್ಟು ದಿನ, ಅರ್ಧ ಗಂಟೆ. ನಮ್ಮ ಪಾಲಿಗೆ ಎರಡು ದಿನಕ್ಕೆ 90 ಲೀಟರ್, ತಲೆಗೆ ದಿನಕ್ಕೆ ಹನ್ನೊಂದು. ಕೊನೆಯ ಮನೆಗಳಿಗೆ ಅಷ್ಟೂ ಇಲ್ಲ. ಗಜನಿ ಬದಿಯ ಕಡೆಯ ಮನೆಯ ಅಜ್ಜಿ ನಳ ತಿರುಗಿಸಿ ಕಿವಿಯಿಟ್ಟು ಕೂತಿದ್ದಳು. "ಅಕ್ಕೋರೆ, ನಳ ಬರೀ ಉಸಿರು ಬಿಡ್ತದೆ, ನೀರು ಬಿಡುದಿಲ್ಲ" ಎಂದಳು. ಅವಳ ಸೊಸೆ ಕೊಡಪಾನ ಹೊತ್ತು ಗುಡ್ಡದ ದಾರಿ ಹಿಡಿದಿದ್ದಳು. ನಾನು ಕೆಲಸ ಬಿಡುವ ಮೊದಲು ಬರೆದ ಕೊನೆಯ ಹಾಜರಿ ಪುಸ್ತಕದಲ್ಲಿ, ಏಪ್ರಿಲಿನ ಮೊದಲ ವಾರ ಹಸಿರು ಚುಕ್ಕಿಗಳು ಮತ್ತೆ ಬಂದವು.

ನಳಕ್ಕೆ ನೀರು ಕೊಡುವ ಕೊಳವೆಬಾವಿಯ ಜಾಗವೇ ತಪ್ಪು. ಗಜನಿಗೆ ಹತ್ತಿರ, ತಗ್ಗಿನಲ್ಲಿ ಕೊರೆದಿದ್ದಾರೆ. ಅಲ್ಲಿ ಸರ್ಕಾರಿ ಜಾಗ ಇತ್ತು, ಕರೆಂಟಿನ ಕಂಬ ಹತ್ತಿರ ಇತ್ತು. ಕರಾವಳಿಯ ನೆಲದಡಿಯಲ್ಲಿ ಸಿಹಿನೀರು ಹಗುರ, ಉಪ್ಪುನೀರು ಭಾರ. ಗಂಜಿಯ ಮೇಲೆ ತಿಳಿ ನಿಂತ ಹಾಗೆ ಸಿಹಿನೀರು ಮೇಲೆ ತೇಲಿಕೊಂಡಿರುತ್ತದೆ. ಪಂಪು ಜೋರಾಗಿ, ಬಹಳ ಹೊತ್ತು ಎಳೆದರೆ ಅಡಿಯ ಉಪ್ಪು ಕೊಳವೆಯ ಕಡೆಗೆ ಏರುತ್ತದೆ. ಮಳೆ ಕಡಿಮೆಯಾದ ವರ್ಷ ಮೇಲಿನ ಪದರವೂ ತೆಳು. ಇದು ನಮ್ಮೂರಿನ ಮೀನುಗಾರರಿಗೂ ಗಜನಿ ರೈತರಿಗೂ ಅನುಭವದಿಂದ ಗೊತ್ತಿರುವ ಸಂಗತಿ. ಜಾಗ ನಿಶ್ಚಯ ಮಾಡುವ ದಿನ ಅವರಲ್ಲಿ ಒಬ್ಬರನ್ನಾದರೂ ಕರೆದು ಕೇಳಿದ್ದರೆ ಆಗುತ್ತಿತ್ತು. ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿ ಎಂದು ಒಂದಿದೆ, ಅದರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನಮ್ಮಲ್ಲಿ ಆ ಸಮಿತಿ ಕೂತದ್ದು ಕೊಳವೆಬಾವಿ ಕೊರೆದಾದ ಮೇಲೆ.

ಕಾಮಗಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೋಡಿದ ರಸ್ತೆಯನ್ನು ಗುತ್ತಿಗೆದಾರರು ಒಂದು ಮಳೆಗಾಲ ಪೂರ್ತಿ ಹಾಗೇ ಬಿಟ್ಟರು, ನನ್ನ ತಮ್ಮನ ಮಗ ಅಲ್ಲಿ ಬೈಕಿನಿಂದ ಬಿದ್ದು ಮೊಣಕೈ ಮುರಿದುಕೊಂಡ. ಚಿರೆಕಲ್ಲು ಬಂದಲ್ಲಿ ಪೈಪು ಅರ್ಧ ಅಡಿಯ ಆಳಕ್ಕೂ ಇಳಿದಿಲ್ಲ. ಮನೆ ಎದುರಿನ ನಳದ ತಿರುಪು ಆರು ತಿಂಗಳಿಗೆ ಸಡಿಲಾಯಿತು. ನೂರ ಇಪ್ಪತ್ತು ರೂಪಾಯಿ ಕೊಟ್ಟು ಹಿತ್ತಾಳೆಯದು ಹಾಕಿಸಿದೆವು.

ಇದಕ್ಕಿಂತ ದೊಡ್ಡ ಮಾತು ಯೋಜನೆಯನ್ನು ಅಳೆಯುವ ದಿನದ್ದು. ಎಲ್ಲ ಮನೆಗೂ ನಳದಲ್ಲಿ ನೀರು ಬರುತ್ತಿದೆ ಎಂದು ಗ್ರಾಮ ಸಭೆ ಒಪ್ಪಿ ಠರಾವು ಮಾಡಿದರೆ ಊರಿಗೆ ಹರ್ ಘರ್ ಜಲ್ ಪ್ರಮಾಣಪತ್ರ ಸಿಗುತ್ತದೆ. ನಮ್ಮ ಸಭೆ ಸೇರಿದ್ದು ಡಿಸೆಂಬರಿನಲ್ಲಿ. ನಾನೂ ಕೈ ಎತ್ತಿದೆ. ಅಂದು ನೀರು ಬರುತ್ತಿತ್ತು, ಆರು ಹನಿಯ ಸಿಹಿನೀರು. ಪರಿಶೀಲನೆಗೆ ಬಂದವರೂ ನವೆಂಬರಿನಲ್ಲಿ ಬಂದು, ನಳ ತಿರುಗಿಸಿ, ಫೋಟೊ ತೆಗೆದುಕೊಂಡು ಹೋದರು. ಅವರ ಫೋಟೊ ನಿಜ, ನಮ್ಮ ಠರಾವೂ ನಿಜ. ಆದರೆ ಕರಾವಳಿಯಲ್ಲಿ ಕುಡಿಯುವ ನೀರಿನ ಯೋಜನೆಯನ್ನು ಡಿಸೆಂಬರಿನಲ್ಲಿ ಪರೀಕ್ಷಿಸುವುದೆಂದರೆ ಛತ್ರಿಯನ್ನು ಮಾಘದ ಬಿಸಿಲಿನಲ್ಲಿ ಪರೀಕ್ಷಿಸಿದ ಹಾಗೆ. ಯಾವ ತಿಂಗಳ ಕಷ್ಟಕ್ಕಾಗಿ ಇಷ್ಟು ಹಣ ಸುರಿದರೋ ಆ ತಿಂಗಳು ಬಂದು ನೋಡಬೇಕು. ಏಪ್ರಿಲ್ ಕೊನೆಯ ವಾರ ಕೊನೆಯ ಮನೆಯ ನಳ ತಿರುಗಿಸಿ ನೋಡಿದ್ದರೆ ಅವರ ವರದಿಯೇ ಬೇರೆ ಇರುತ್ತಿತ್ತು, ಮುಂದಿನ ಹಣವೂ ಬೇಕಾದಲ್ಲಿಗೆ ಹೋಗುತ್ತಿತ್ತು.

2025ರಲ್ಲಿ ಒಂದು ಪ್ರಯತ್ನ ಮಾಡಿದೆವು. ನಮ್ಮಲ್ಲಿ ನೀರು ಬಿಡುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಅವನನ್ನು ಕೂರಿಸಿಕೊಂಡು ಹನಿಯ ಲೆಕ್ಕ ತೋರಿಸಿದೆ. ಸುಮ್ಮನೆ ನೋಡಿದ. "ಅಕ್ಕೋರೆ, ಒಂದೇ ಸಮ ನಾಲ್ಕು ತಾಸು ಓಡಿಸುದು ಬಿಟ್ಟು ಎರಡೆರಡು ತಾಸು ಮಾಡಿ ನೋಡುವಾ. ನಡುವೆ ಬಾವಿಗೆ ದಮ್ಮು ತಕ್ಕೊಳ್ಳುಕೆ ಬಿಡುವಾ" ಎಂದ. ಬೆಳಿಗ್ಗೆ ಎರಡು ತಾಸು, ರಾತ್ರಿ ಎರಡು ತಾಸು. ಅವನಿಗೆ ಒಂದು ಓಡಾಟ ಹೆಚ್ಚಾಯಿತು, ಸಂಬಳ ಹೆಚ್ಚಾಗಲಿಲ್ಲ. ಆ ಏಪ್ರಿಲಿನಲ್ಲಿ ಹತ್ತೊಂಬತ್ತು ಹನಿ ಬಂತು, 380. ಹಿಂದಿನ ವರ್ಷ ಮಳೆ ಚೆನ್ನಾಗಿ ಆಗಿದ್ದದ್ದೂ ಅದಕ್ಕೆ ಕಾರಣ ಇರಬೇಕು, ಎಲ್ಲವನ್ನೂ ಪಂಪಿನ ಲೆಕ್ಕಕ್ಕೆ ಬರೆಯಲಾರೆ. ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿ, ಅದರ ಬೆನ್ನಿಗೇ ನಮ್ಮಲ್ಲೂ ಮಳೆ ಹಿಡಿದು, ಆ ಬೇಸಿಗೆ ಬೇಗ ಮುಗಿಯಿತು.

ಹಳೆಯ ಬಾವಿಯ ಪರವಾಗಿ ಬರೆದೆ ಎಂದು ಅದನ್ನು ಹೊಗಳಿಬಿಟ್ಟರೆ ಮೋಸವಾಗುತ್ತದೆ. ನಮ್ಮ ಅತ್ತೆಗೆ ಎಂಬತ್ತನಾಲ್ಕು. ನಳದ ನೀರಿಗೆ ಔಷಧದ ವಾಸನೆ ಎಂದು ಕುಡಿಯಲು ಗುಡ್ಡದ ಬಾವಿಯ ನೀರೇ ಬೇಕೆಂದು ಹಟ ಹಿಡಿದಿದ್ದರು. ಆಷಾಢದಲ್ಲಿ ಸೋಂಕು ಪತ್ತೆಯ ಔಷಧವಿರುವ ಎರಡು ಪರೀಕ್ಷಾ ಶೀಶೆ ತುಂಬಿಸಿದೆ, ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ನಳದ್ದು. ಮುಚ್ಚಳ ಹಾಕಿ ದೇವರ ಗೂಡಿನ ಪಕ್ಕ ಇಟ್ಟೆ. ಮಲದ ಸೋಂಕು ಇರುವ ನೀರಾದರೆ 24ರಿಂದ 48 ಗಂಟೆಯೊಳಗೆ ಕಪ್ಪಾಗುತ್ತದೆ. ಮಾರನೆಯ ಸಂಜೆಗೆ ಬಾವಿ ನೀರಿನ ಶೀಶೆ ಮಸಿಯಂತೆ ಕಪ್ಪು. ನಳದ್ದು ಮೂರನೆಯ ದಿನವೂ ಹಾಗೇ ಇತ್ತು. ಅತ್ತೆ ಎರಡನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನಾಲ್ಕು ತಲೆಮಾರು ಕುಡಿದ ನೀರು ಮಾರಾಯ್ತಿ" ಎಂದಷ್ಟೇ ಹೇಳಿದರು. ಮರುದಿನದಿಂದ ನಳದ ನೀರು ಕುದಿಸಿ, ಎರಡು ಕಾಳು ಜೀರಿಗೆ ಹಾಕಿ ಕೊಟ್ಟರೆ ಕುಡಿಯುತ್ತಾರೆ. ಮಳೆಗಾಲದಲ್ಲಿ ನಳ, ಬೇಸಿಗೆಯಲ್ಲಿ ಬಾವಿ, ಎರಡೂ ನಮಗೆ ಬೇಕು.

ತಿಂಗಳಿಗೆ ನೂರು ರೂಪಾಯಿ ನೀರಿನ ಕರ. ನಲವತ್ತಮೂರರಲ್ಲಿ ತಪ್ಪದೆ ಕಟ್ಟುವ ಮನೆ ಇಪ್ಪತ್ತರ ಆಸುಪಾಸು. ಉಪ್ಪುನೀರಿಗೆ ಯಾಕೆ ಕೊಡಬೇಕು ಎನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ಕಟ್ಟಿ ಎಂದೇ ಹೇಳುತ್ತೇನೆ. ಪಂಪಿನ ರಿಪೇರಿ, ಬ್ಲೀಚಿಂಗ್ ಪುಡಿ, ಆ ಹುಡುಗನ ಸಂಬಳ ಎಲ್ಲ ಅದರಲ್ಲೇ ನಡೆಯಬೇಕು. ಕರ ಕಟ್ಟಿದ ರಸೀದಿ ಕೈಯಲ್ಲಿದ್ದರೆ ಸಭೆಯಲ್ಲಿ ಎದ್ದು ಕೇಳುವವಳ ಮಾತಿಗೆ ತೂಕ ಬೇರೆ.

ಐದಕ್ಕೆ ಎಷ್ಟು ಎಂದರೆ ಜೂನಿನಿಂದ ಫೆಬ್ರವರಿವರೆಗೆ ನಾಲ್ಕೂವರೆ, ಮಾರ್ಚಿನಿಂದ ಮೇವರೆಗೆ ಒಂದೂವರೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಲು ನನಗೆ ಮನಸ್ಸಿಲ್ಲ. ಬಾಯಾರಿಕೆಯ ತಿಂಗಳು ಸರಾಸರಿಯಲ್ಲಿ ಕಾಣುವುದಿಲ್ಲ.

ಈಗ ಸಮಿತಿಯಿಂದ ಎರಡು ಅರ್ಜಿ ಬರೆದುಕೊಟ್ಟಿದ್ದೇವೆ. ಗುಡ್ಡದ ಬುಡದ ಬಾವಿಯ ಹೂಳು ತೆಗೆದು, ಕಟ್ಟೆ ಎತ್ತರಿಸಿ, ಕ್ಲೋರಿನ್ ವ್ಯವಸ್ಥೆ ಮಾಡಿ, ಬೇಸಿಗೆಯ ಮೂರು ತಿಂಗಳು ಅದರ ನೀರನ್ನು ಟ್ಯಾಂಕಿಗೆ ಏರಿಸಬೇಕು ಎಂಬುದು ಒಂದು. ಬಾವಿಯಿಂದ ಟ್ಯಾಂಕಿಗೆ ಇನ್ನೂರು ಮೀಟರ್ ಪೈಪು ಸಾಕು, ನಾನೇ ಹೆಜ್ಜೆ ಹಾಕಿ ಅಳೆದಿದ್ದೇನೆ. ಇನ್ನೊಂದು, ನೀರಿನ ವಿಷಯದ ಗ್ರಾಮ ಸಭೆಯನ್ನು ಏಪ್ರಿಲಿನಲ್ಲಿ ಇನ್ನೊಮ್ಮೆ ಕರೆಯಬೇಕು, ಗಜನಿ ಬದಿಯ ಕಡೆಯ ಮನೆಯ ಅಂಗಳದಲ್ಲಿ. ಸಭೆಗೆ ಬಂದವರಿಗೆ ಕುಡಿಯಲು ನೀರು ಅದೇ ನಳದಿಂದ ಕೊಡುತ್ತೇವೆ ಎಂದು ಅಜ್ಜಿ ಒಪ್ಪಿದ್ದಾಳೆ.