ಹಳೇ ಪ್ರಿಂಟರ್‌ಗೆ ವೈಫೈ: ಡಬ್ಬಿ ತಗೊಂಡು ಕೆಟ್ಟೆ, ರಾಸ್ಪ್‌ಬೆರಿ ಪೈ ಪರ್ವಾಗಿಲ್ಲ

ನಮ್ಮನೇಲಿ ಎಚ್‌ಪಿ ಲೇಸರ್‌ಜೆಟ್ 1020 ಇದೆ, ಅಪ್ಪ ರಿಟೈರ್ ಆಗೋಕೆ ಮುಂಚೆ ತಗೊಂಡಿದ್ದು. ಇವತ್ತಿಗೂ ಅಕ್ಷರ ಮುತ್ತಿನ ಥರ ಬರತ್ತೆ, 12ಎ ಟೋನರ್ ಬೆಂಗಳೂರಲ್ಲಿ ಎಲ್ಲಿ ಕೇಳಿದ್ರೂ ರೀಫಿಲ್ ಮಾಡ್ಕೊಡ್ತಾರೆ. ಕೊರತೆ ಒಂದೇ, ಅದಕ್ಕಿರೋದು ಬರೀ ಯುಎಸ್‌ಬಿ, ವೈಫೈನೂ ಇಲ್ಲ ಲ್ಯಾನ್ ಪೋರ್ಟೂ ಇಲ್ಲ. ಅಪ್ಪ ಅಸೋಸಿಯೇಷನ್ ಪಿಡಿಎಫ್ ನಂಗೆ ವಾಟ್ಸಾಪ್ ಮಾಡೋದು, ನಾನು ಆಫೀಸ್ ಮೀಟಿಂಗ್ ಮಧ್ಯ ಲ್ಯಾಪ್‌ಟಾಪ್ ಹೊತ್ಕೊಂಡು ಹಾಲ್‌ಗೆ ಓಡಿ ಕೇಬಲ್ ಚುಚ್ಚೋದು, ದಿನಾ ಇದೇ ಆಗಿತ್ತು. ಹೊಸದು ತಗೊಳ್ಳೋಣ ಅಂದ್ರೆ "ಓಡ್ತಿರೋದನ್ನ ಯಾಕೋ ಗುಜರಿಗೆ ಹಾಕ್ತೀಯ" ಅಂತಾರೆ.

ಸರಿ, ಮೆಟ್ರೋ ಹತ್ತಿ ಮೆಜೆಸ್ಟಿಕ್ಕಲ್ಲಿ ಗ್ರೀನ್ ಲೈನ್ ಹಿಡಿದು ಚಿಕ್ಕಪೇಟೇಲಿ ಇಳಿದು ಎಸ್‌ಪಿ ರೋಡಿಗೆ (ಕಂಪ್ಯೂಟರ್ ಸಾಮಾನಿನ ಮಾರ್ಕೆಟ್) ಹೋದೆ. ಮೊದಲ ಅಂಗಡೀಲಿ ಒಂದು ಪುಟ್ಟ ಪ್ರಿಂಟ್ ಸರ್ವರ್ ಡಬ್ಬಿ ಕೊಟ್ರು, ಒಂದು ಕಡೆ ಯುಎಸ್‌ಬಿ ಇನ್ನೊಂದು ಕಡೆ ಲ್ಯಾನ್, "ಯಾವ ಪ್ರಿಂಟರ್ ಆದ್ರೂ ನಡಿಯತ್ತೆ ಸಾರ್" ಅಂದ್ರು. ಮನೇಗೆ ಬಂದು ಹಾಕಿದೆ, ಪ್ರಿಂಟ್ ಬಂತು, ಅಪ್ಪ ಖುಷ್. ಸಂಜೆ ಕರೆಂಟ್ ಹೋಗಿ ಬಂತು ನೋಡಿ, ಆಮೇಲೆ ಎಷ್ಟು ತಿಪ್ಪರಲಾಗ ಹಾಕಿದ್ರೂ ಒಂದು ಹಾಳೇನೂ ಹೊರಗೆ ಬರ್ಲಿಲ್ಲ.

ಎರಡು ದಿನ ತಲೆ ಕೆಡಿಸ್ಕೊಂಡ ಮೇಲೆ ಗೊತ್ತಾಗಿದ್ದು ಏನಂದ್ರೆ, 1020 ಒಳಗೆ ಅದರ ಫರ್ಮ್‌ವೇರೇ (ಪ್ರಿಂಟರನ್ನ ಓಡಿಸೋ ಮೂಲ ಸಾಫ್ಟ್‌ವೇರ್) ಇರಲ್ಲ, ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಅದನ್ನ ಯುಎಸ್‌ಬಿ ಮೂಲಕ ತುಂಬಬೇಕು, ಇಲ್ಲಾಂದ್ರೆ ಪ್ರಿಂಟರ್ ಬರೀ ಪೆಟ್ಟಿಗೆ. ಮೊದಲ ದಿನ ಬಂದಿದ್ದು ಯಾಕೆ ಅಂದ್ರೆ ಬೆಳಿಗ್ಗೆ ಲ್ಯಾಪ್‌ಟಾಪಿಗೆ ಹಾಕಿ ಟೆಸ್ಟ್ ಮಾಡಿ, ಆಫ್ ಮಾಡ್ದೆ ಕೇಬಲ್ ಮಾತ್ರ ಡಬ್ಬಿಗೆ ಬದಲಾಯಿಸಿದ್ದೆ. ಡಬ್ಬಿ ಪಾಪ ಪೋಸ್ಟ್‌ಮ್ಯಾನ್ ಇದ್ದಂಗೆ, ಕೊಟ್ಟಿದ್ದನ್ನ ತಲುಪಿಸತ್ತೆ, ತಾನಾಗಿ ಏನೂ ತುಂಬಲ್ಲ.

ಡಬ್ಬಿ ಕೊಟ್ಟ ಅಂಗಡಿಯವ್ರು ವಾಪಸ್ ತಗೊಳ್ಳಲ್ಲ ಅಂದ್ರು. ಆದ್ರೆ ಅದೇ ಸಾಲಲ್ಲಿ ಇನ್ನೊಂದು ಅಂಗಡಿ ಹುಡುಗ ಮಾಡೆಲ್ ನಂಬರ್ ಕೇಳ್ತಿದ್ದಂಗೇ "ಸಾರ್ ಅದಕ್ಕೆ ಇಂಥ ಡಬ್ಬಿ ಆಗಲ್ಲ, ಪೈ ಹಾಕಿ" ಅಂದ. ಪೈ ಅಂದ್ರೆ ಅಂಗೈಲಿ ಹಿಡಿಯೋ ಪುಟ್ಟ ಕಂಪ್ಯೂಟರ್, ಲ್ಯಾಪ್‌ಟಾಪ್ ಬದಲು ಅದೇ ಫರ್ಮ್‌ವೇರ್ ತುಂಬತ್ತೆ. ಮಾರೋಕೆ ಮುಂಚೆ ಮಾಡೆಲ್ ಕೇಳಿದ್ದು ಅವನೊಬ್ನೇ, ಅದಕ್ಕೇ ಆ ಅಂಗಡಿಗೆ ಫುಲ್ ಮಾರ್ಕ್ಸ್. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ, ಮೆಮೊರಿ ಕಾರ್ಡ್, ಒಟಿಜಿ ಅಡಾಪ್ಟರ್ (ಪೈನ ಪುಟ್ಟ ಯುಎಸ್‌ಬಿಗೆ ಪ್ರಿಂಟರ್ ಕೇಬಲ್ ಸೇರಿಸೋಕೆ), ಚಾರ್ಜರ್ ಎಲ್ಲಾ ಸೇರಿ ಮೂರು ಸಾವಿರದೊಳಗೆ ಮುಗೀತು.

ಸೆಟಪ್ ಸುಲಭ ಅಂತ ಸುಳ್ಳು ಹೇಳಲ್ಲ, ಒಂದು ಭಾನುವಾರ ಪೂರ್ತಿ ಹೋಯ್ತು. ಪೈನಲ್ಲಿರೋ ಎರಡು ಮೈಕ್ರೋ ಯುಎಸ್‌ಬಿಲಿ ಒಂದು ಬರೀ ಪವರ್‌ಗೆ, ನಾನು ಪ್ರಿಂಟರ್ ಅಲ್ಲಿಗೇ ಹಾಕ್ಕೊಂಡು ಅರ್ಧ ಗಂಟೆ ಪೆಚ್ಚಾಗಿ ಕೂತಿದ್ದೆ. ವೈಫೈ 2.4 ಗಿಗಾಹರ್ಟ್ಸ್ ಮಾತ್ರ, 5ರ ನೆಟ್‌ವರ್ಕ್ ಕಾಣೋದೇ ಇಲ್ಲ. ಪ್ರಿಂಟರನ್ನ ನೆಟ್‌ವರ್ಕಲ್ಲಿ ಎಲ್ಲರಿಗೂ ಹಂಚೋ ಕಪ್ಸ್ (CUPS) ಅನ್ನೋ ಸಾಫ್ಟ್‌ವೇರ್ ಹಾಕ್ಬೇಕು (ಕಾಫಿ ಕಪ್ ಅಲ್ಲ, ಅಪ್ಪ ಕೇಳಿದ್ರು), ಜೊತೆಗೆ ಫೂ-ಟು-ಝಡ್‌ಜೆಎಸ್ (foo2zjs) ಡ್ರೈವರ್, 1020ರ ಫರ್ಮ್‌ವೇರ್ ಫೈಲ್ ಬೇರೆ ತಂದು ಇಡ್ಬೇಕು, ಇದನ್ನ ಮರೆತ್ರೆ ಮತ್ತೆ ಅದೇ ಹಣೆಬರಹ. ಆಮೇಲೆ ಬ್ರೌಸರಲ್ಲಿ ಪೈ ಅಡ್ರೆಸ್ ಹಾಕಿ ಅದರ ಮುಂದೆ :631 ಅಂತ ಸೇರಿಸಿದ್ರೆ ಕಪ್ಸ್ ಪೇಜ್ ಬರತ್ತೆ, ಅಲ್ಲಿ ಪ್ರಿಂಟರ್ ಸೇರಿಸಿ, ಶೇರ್ ಟಿಕ್ ಮಾಡಿ. ರೌಟರಲ್ಲಿ ಪೈಗೆ ಒಂದೇ ಐಪಿ (ನೆಟ್‌ವರ್ಕಲ್ಲಿ ಅದರ ಅಡ್ರೆಸ್) ಫಿಕ್ಸ್ ಮಾಡಿಬಿಡಿ, ಇಲ್ಲಾಂದ್ರೆ ರೌಟರ್ ರೀಸ್ಟಾರ್ಟ್ ಆದಾಗ ಅಡ್ರೆಸ್ ಬದಲಾಗಿ ವಿಂಡೋಸ್ ಪ್ರಿಂಟರ್ ಆಫ್‌ಲೈನ್ ಅಂತ ಕೂತ್ಕೊಳತ್ತೆ.

ಈಗ ಕರೆಂಟ್ ಹೋಗಿ ಬಂದ್ರೆ ಪೈ ತಾನೇ ಎದ್ದು ಫರ್ಮ್‌ವೇರ್ ತುಂಬತ್ತೆ, ಒಂದೆರಡು ನಿಮಿಷ ಕಾಯ್ಬೇಕು ಅಷ್ಟೆ. ತಂಗಿ ಐಫೋನಲ್ಲಿ ಏನೂ ಇನ್‌ಸ್ಟಾಲ್ ಮಾಡ್ದೆ ಪ್ರಿಂಟರ್ ಕಾಣ್ತು. ಪೈನಲ್ಲಿ ಇರೋದು 512 ಎಂಬಿ ರ‍್ಯಾಮ್, ಹಂಗಾಗಿ ಫೋಟೋ ತುಂಬಿರೋ ಪಿಡಿಎಫ್ ಕೊಟ್ರೆ ಮೊದಲ ಪೇಜಿಗೇ ಬೋಂಡಾ ತಿಂದು ಬರ್ಬಹುದು. ಬರೀ ಅಕ್ಷರ ಆದ್ರೆ ತಡ ಇಲ್ಲ. ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಟ್ ಆ ಭಾನುವಾರಕ್ಕೆ.

ಡಬ್ಬಿ ಇನ್ನೂ ಶೋಕೇಸಲ್ಲಿ ಬಿದ್ದಿದೆ. ಫರ್ಮ್‌ವೇರ್ ಒಳಗೇ ಇರೋ ಪ್ರಿಂಟರ್ ಇದ್ದೋರಿಗೆ ಅದು ನಡೀಬಹುದು, ವಿಜಯನಗರದ ಕಡೆ ಯಾರಾದ್ರೂ ಬಂದ್ರೆ ಪುಕ್ಕಟೆ ತಗೊಂಡೋಗಿ.